ಮುಯ್ಯಿ ರೋಲು

ಪ್ರತಿ ಚಿತ್ರಕ್ಕೂ ಒಬ್ಬ ಜಾಮೀನುದಾರ ಬೇಕೆಂದು ಸರ್ಕಾರ ಕಾನೂನು ತಂದಾಗ ಕುಬೇರಪ್ಪ ಹಡಗಲಿಗೆ ಎಪ್ಪತ್ತೇಳು ನಡೆಯುತ್ತಿತ್ತು. ಆ ವಯಸ್ಸಿನಲ್ಲಿ ಮನುಷ್ಯನಿಗೆ ಮಂಡಿನೋವಿನ ಚಿಂತೆ ಇರಬೇಕು, ನಿದ್ದೆ ಬಾರದ ಚಿಂತೆ ಇರಬೇಕು. ಹೊಸ ಕಾನೂನಿನ ಚಿಂತೆ ಇರಬಾರದು. ಕುಬೇರಪ್ಪನಿಗೆ ಮೂರೂ ಇದ್ದವು.

ಕಾನೂನು ಸುಮ್ಮನೆ ಬಂದದ್ದಲ್ಲ. ಹದಿನೈದು ವರ್ಷ ಯಂತ್ರಗಳು ಇಲ್ಲದ್ದನ್ನೆಲ್ಲ ಚಿತ್ರ ಮಾಡಿ ಮಾಡಿ ಜನರ ಕಣ್ಣು ಸೋತುಹೋಗಿತ್ತು. ಬೆಳಿಗ್ಗೆ ಮಂತ್ರಿಯೊಬ್ಬ ಸತ್ತ ಚಿತ್ರ, ಮಧ್ಯಾಹ್ನ ಅದೇ ಮಂತ್ರಿ ಮದುವೆಮನೆಯಲ್ಲಿ ಹೋಳಿಗೆ ಉಣ್ಣುವ ಚಿತ್ರ. ಎರಡೂ ಸುಳ್ಳು, ಮಂತ್ರಿ ಪಾಪ ಮನೆಯಲ್ಲಿ ಮಲಗಿದ್ದ. ಮೊದಮೊದಲು ಜನ ಎಲ್ಲವನ್ನೂ ನಂಬಿ ಮೋಸಹೋದರು. ಆಮೇಲೆ ಯಾವುದನ್ನೂ ನಂಬದೆ ಮೋಸಹೋದರು. ಎರಡನೆಯದೇ ಹೆಚ್ಚು ಕೆಟ್ಟದ್ದೆಂದು ತಿಳಿಯಲು ತಡವಾಯಿತು. ನೆರೆಯಲ್ಲಿ ಮನೆ ಬಿದ್ದವನು ಬಿದ್ದ ಮನೆಯ ಚಿತ್ರ ಹಿಡಿದು ಕಚೇರಿಗೆ ಹೋದರೆ, "ಚಲೋ ಮಾಡಿಸೀರಿ, ಯಾವ ಅಂಗಡಿ?" ಎಂದು ಕೇಳುವ ಕಾಲ ಬಂತು.

ಆಗ ಬಂದದ್ದು ಕರಸಾಕ್ಷಿ ಎಂಬ ಯಂತ್ರ. ಮನುಷ್ಯನ ಕೈ ಎಂದೂ ಪೂರ್ತಿ ನಿಲ್ಲುವುದಿಲ್ಲ ಎಂಬುದೇ ಅದರ ಮೂಲ. ಎಷ್ಟೇ ಬಿಗಿಯಾಗಿ ಕ್ಯಾಮೆರಾ ಹಿಡಿದರೂ ಸೆಕೆಂಡಿಗೆ ಹತ್ತು ಹನ್ನೆರಡು ಸಲ ಬೆರಳು ಕಂಪಿಸುತ್ತದೆ, ನಾಡಿ ಬಡಿದಾಗ ಮಣಿಕಟ್ಟು ಕೂದಲೆಳೆಯಷ್ಟು ಏಳುತ್ತದೆ. ಕ್ಯಾಮೆರಾದ ಕಿಂಡಿ ತೆರೆದು ಮುಚ್ಚುವ ಕ್ಷಣದಲ್ಲಿ ಆ ನಡುಕವೂ ಬೆಳಕಿನ ಜೊತೆಗೆ ಒಳಗೆ ಹೋಗಿ ಕೂರುತ್ತದೆ. ಬರಿಗಣ್ಣಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಆರೇಳು ಚಿತ್ರ ಸಾಲಾಗಿ ಸಿಕ್ಕರೆ ನಡುಕದ ಲಯ ಗೊತ್ತಾಗುತ್ತದೆ. ಹೆಬ್ಬೆಟ್ಟಿನ ಹಾಗೆ ಆ ಲಯವೂ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಯಂತ್ರ ಮಾಡಿದ ಚಿತ್ರಕ್ಕೆ ಕೈಯೇ ಇಲ್ಲ, ನಡುಕ ಎಲ್ಲಿಂದ ಬರಬೇಕು? ಕಳ್ಳನಡುಕ ತುಂಬಿ ನೋಡಿದವರೂ ಇದ್ದರು, ಸಿಕ್ಕಿಬಿದ್ದರು.

ಸಾರ್ವಜನಿಕ ಘಟನೆಯ ಚಿತ್ರ ಯಾವುದೇ ಇರಲಿ, ಹಳೆಯದಿರಲಿ ಹೊಸದಿರಲಿ, ಯಾರಾದರೂ ತಕರಾರು ಹಾಕಿದರೆ ಚಿತ್ರ ತೆಗೆದವನ ಕೈ ಹೊಂದಿಸಿ ತೋರಿಸಬೇಕು. ಹೊಂದಿದರೆ ಸಾಕ್ಷಿ ಚಿತ್ರ. ಹೊಂದದಿದ್ದರೆ ಅನಾಥ ಚಿತ್ರ. ಅನಾಥ ಚಿತ್ರವನ್ನು ಪಾಠದಲ್ಲಿ ಹಾಕುವಂತಿಲ್ಲ, ಸ್ಮಾರಕದ ಮೇಲೆ ಹಾಕುವಂತಿಲ್ಲ.

ಕುಬೇರಪ್ಪನಿಗೆ ಬಂದ ನೋಟೀಸು ಸೂಡಿಹಾಳದ ಗೇಟಿನ ಚಿತ್ರದ್ದು.

ಆ ಚಿತ್ರ ನೋಡದವರಿಲ್ಲ. ೧೯೯೯ರ ಫೆಬ್ರುವರಿಯಲ್ಲಿ ಸೂಡಿಹಾಳದ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿತ್ತು. ಒಳಗೆ ಹದಿನಾಲ್ಕು ಹೆಣ್ಣಾಳುಗಳು. ಒಂಬತ್ತು ಜನ ಸತ್ತರು. ಚಿತ್ರದಲ್ಲಿ ಕಬ್ಬಿಣದ ಗೇಟು, ಸರಳುಗಳ ನಡುವಿನಿಂದ ಹೊರಗೆ ಚಾಚಿದ ಕೈಗಳು, ಕೈಗಳ ಹಿಂದೆ ಹೊಗೆ, ಮತ್ತು ಗೇಟಿಗೆ ಹೊರಗಿನಿಂದ ಜಡಿದ ಕೀಲಿ. ಆಳುಗಳು ನಡುವೆ ಎದ್ದು ಹೋಗಬಾರದೆಂದು ಮಾಲೀಕರು ಹೊರಗಿನಿಂದ ಕೀಲಿ ಹಾಕಿಸುತ್ತಿದ್ದರು ಎಂಬುದಕ್ಕೆ ಉಳಿದದ್ದು ಅದೊಂದೇ. ಹೊಗೆಯಲ್ಲಿ ಯಾರೋ ಒಡೆದು ತೆಗೆದ ಕೀಲಿ ಎಂದೋ ಕಳೆದಿತ್ತು, ಹಾಕಿದ ವಾಚಮನ್ ಸತ್ತಿದ್ದ. ಚಿತ್ರದ ಕೆಳಗೆ ಕುಬೇರಪ್ಪ ಹಡಗಲಿ ಎಂಬ ಹೆಸರು. ದಿಲ್ಲಿಯಲ್ಲಿ ಪ್ರಶಸ್ತಿ ಬಂತು, ಎಂಟನೆಯ ತರಗತಿಯ ಪಾಠದಲ್ಲಿ ಬಂತು. ಮಿಲ್ಲು ಮುಚ್ಚಿ, ಸುಟ್ಟ ಗೇಟನ್ನು ಅಲ್ಲೇ ನಿಲ್ಲಿಸಿ, ಪಕ್ಕದಲ್ಲಿ ಚಿತ್ರ ಹಾಕಿ, ಒಂಬತ್ತು ಹೆಸರು ಕೆತ್ತಿಸಿದರು. ಈಗ ಮಾಲೀಕರ ಮೊಮ್ಮಗ ತಕರಾರು ಹಾಕಿದ್ದ. ಗೇಟು ತೆರೆದೇ ಇತ್ತಂತೆ. ಹೆಂಗಸರು ಗಾಬರಿಯಾಗಿ ದಾರಿ ತಪ್ಪಿ ಸತ್ತರಂತೆ. ಚಿತ್ರ ಯಾರೋ ಮಾಡಿದ್ದಂತೆ. ಜಾಗ ತನಗೆ ತಿರುಗಿ ಬರಬೇಕಂತೆ.

"ಧಾರವಾಡಕ್ಕ ಹೋಗಿ ಕ್ಯಾಮೆರಾ ಹಿಡದು ಬಂದ್ರ ಆತಲ್ಲಪಾ," ಎಂದಳು ಮಗಳು ಸುವರ್ಣಾ, ರೊಟ್ಟಿ ಬಡಿಯುತ್ತ. ಗದಗಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಹೆಂಡತಿ ತೀರಿಕೊಂಡ ಮೇಲೆ ಕುಬೇರಪ್ಪ ಅವಳ ಮನೆಯಲ್ಲೇ ಇದ್ದ. "ಅದಕ್ಯಾಕ ಮಾರಿ ಸಣ್ಣ ಮಾಡ್ಕೊಂಡಿ?"

"ವಯಸ್ಸಾತವಾ. ಕೈ ನಡಗತಾವು."

"ನಡಗಲಿ ಬಿಡು. ಅವರಿಗೆ ಬೇಕಾಗಿದ್ದ ನಡುಕ."

ಅವಳು ನಕ್ಕಳು. ಕುಬೇರಪ್ಪ ನಗಲಿಲ್ಲ. ಪ್ರತಿ ವರ್ಷ ಆ ಪಾಠ ಬಂದಾಗ ಸುವರ್ಣಾ ಮಕ್ಕಳಿಗೆ ಹೇಳುವ ಮಾತು ಅವನಿಗೆ ಗೊತ್ತಿತ್ತು. ಬೆಂಕಿ ಬಿದ್ದ ದಿನವೇ ರೋಣದ ಅಜ್ಜನ ಮನೆಯಲ್ಲಿ ಅವಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಸುದ್ದಿ ಕೇಳಿದ ಅಪ್ಪ ತೊಟ್ಟಿಲು ಬಿಟ್ಟು, ಎಲೆ ಮುಂದಿನ ಊಟ ಬಿಟ್ಟು ಸೂಡಿಹಾಳಕ್ಕೆ ಓಡಿದ. "ನನ್ನ ಹೆಸರಿಡೂ ಮುಂದ ನಮ್ಮಪ್ಪ ಇರಲಿಲ್ಲ, ಆದ್ರ ನನಗ ಅದರ ಬ್ಯಾಸರಿಲ್ಲ," ಎನ್ನುತ್ತಿದ್ದಳು.

ನಿಜ ಏನೆಂದರೆ ಕುಬೇರಪ್ಪ ಅಂದು ತೊಟ್ಟಿಲೂ ಬಿಟ್ಟಿರಲಿಲ್ಲ, ಊಟವೂ ಬಿಟ್ಟಿರಲಿಲ್ಲ. ಐದು ಹೋಳಿಗೆ ತಿಂದು, ಮೇಲೆ ತುಪ್ಪ ಸುರಿಸಿಕೊಂಡು, ಮಾವನ ಮನೆಯ ಪಡಸಾಲೆಯಲ್ಲಿ ಸಂಜೆಯ ತನಕ ಗೊರಕೆ ಹೊಡೆದಿದ್ದ. ಎದ್ದು ಗದಗಿಗೆ ಹೊರಟದ್ದು ಐದು ಗಂಟೆಯ ಬಸ್ಸಿಗೆ. ಸುಳ್ಳು ಹುಟ್ಟಿದ್ದು ಆಮೇಲೆ. ಕೇಳಿದವರಿಗೆ ಹೇಳುತ್ತ ಹೇಳುತ್ತ ಅದಕ್ಕೆ ಕೈಕಾಲು ಬಂದವು. ಹೆಂಡತಿಗೆ ಗೊತ್ತಿತ್ತು. ಆಕೆ ಒಮ್ಮೆಯೂ ಬಾಯಿ ಬಿಡಲಿಲ್ಲ, ಒಮ್ಮೆಯೂ ಆ ಚಿತ್ರವನ್ನು ಗೋಡೆಗೆ ಹಾಕಗೊಡಲಿಲ್ಲ.

ಮರುದಿನ ದೇವಕ್ಕ ಬಂದಳು. ಗೇಟಿನ ಒಳಗಿದ್ದು ಬದುಕಿ ಬಂದ ಐವರಲ್ಲಿ ಈಗ ಜೀವಂತ ಇರುವವಳು ಅವಳೊಬ್ಬಳೇ. ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಸೂಡಿಹಾಳದಿಂದ ಎರಡು ಬಸ್ಸು ಬದಲಿಸಿ ಬಂದವಳು ಒಳಗೆ ಬಂದು ಕೂರಲೂ ಒಲ್ಲೆನೆಂದಳು.

"ಸಾಹೇಬ್ರ, ನಾ ಹೋಗಿ ಹೇಳಿದ್ನಿರಿ, ಕೀಲಿ ಹಾಕಿತ್ತು ಅಂತ. ಮುದುಕಿ, ನಿನ್ನ ಮಾತಿಗೆ ಮುದ್ರಿ ಇಲ್ಲ ಅಂದ್ರು," ಎಂದಳು. "ಒಂಬತ್ತು ಮಂದಿ ದಾರಿ ತಪ್ಪಿ ಸತ್ತ್ರಂತ. ದಿನಾ ಹೋಗಿ ಬರೂ ದಾರಿ ಯಾರರ ತಪ್ಪತಾರೇನ್ರಿ? ಈಗ ನಿಮ್ಮ ಕೈ ಒಂದ ನಮಗ ಉಳದಿದ್ದು."

"ಹೋಗಿ ಬರ್ತೀನವಾ," ಎಂದ ಕುಬೇರಪ್ಪ.

ಧಾರವಾಡದ ಚಿತ್ರ ಪ್ರಮಾಣ ಕೇಂದ್ರ ಒಂದು ಹಳೆಯ ಗೋದಾಮಿನಲ್ಲಿತ್ತು. ಹೊರಗಿನ ಬೆಂಚುಗಳ ಮೇಲೆ ಉತ್ತರ ಕರ್ನಾಟಕದ ಅಳಿದುಳಿದ ಮುದಿ ಫೋಟೋಗ್ರಾಫರುಗಳೆಲ್ಲ ಡಬ್ಬಿ, ಚೀಲ, ಮಾತ್ರೆಗಳ ಸಮೇತ ಕೂತಿದ್ದರು. ಒಂದು ಕಾಲದಲ್ಲಿ ಮಂತ್ರಿಗಳ ಮುಂದೆ ಮೊಳಕೈಯಿಂದ ಒಬ್ಬರನ್ನೊಬ್ಬರು ತಿವಿದು ಜಾಗ ಹಿಡಿದವರು ಈಗ ಒಬ್ಬರಿಗೊಬ್ಬರು ನೀರಿನ ಬಾಟಲಿ ಕೊಡುತ್ತಿದ್ದರು. ಕುಬೇರಪ್ಪ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮೂರು ಕಪ್ ಖಡಕ್ ಚಹಾ ಕುಡಿದು ಬಂದಿದ್ದ. ಚಹಾ ಕುಡಿದರೆ ಕೈ ಜಾಸ್ತಿ ನಡುಗುತ್ತದೆ, ಜಾಸ್ತಿ ನಡುಗಿದರೆ ಯಂತ್ರಕ್ಕೆ ಏನೂ ತಿಳಿಯದು, ಆಗ ವಯಸ್ಸಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು ಎಂಬುದು ಅವನ ಲೆಕ್ಕಾಚಾರ.

"ಎಷ್ಟ್ ಚಹಾ ಕುಡದು ಬಂದೀರಿ ಅಜ್ಜಾರ?" ಎಂದಳು ಒಳಗಿದ್ದ ತಂತ್ರಜ್ಞೆ. ಪ್ರತಿಭಾ ಕಮ್ಮಾರ ಎಂದು ಕೊರಳ ಚೀಟಿಯಲ್ಲಿತ್ತು. ಮೂವತ್ತರ ಆಸುಪಾಸಿನವಳು, ದಿನಕ್ಕೆ ಹನ್ನೆರಡು ಮುದಿಕೈ ನೋಡಿ ನೋಡಿ ಅವಳ ಮುಖವೂ ಅರ್ಧ ಮುದಿಯಾಗಿತ್ತು. "ಎಲ್ಲಾರೂ ಹಿಂಗ ಮಾಡ್ತಾರ. ದನಿ ಒಡದ್ರ ರಾಗ ಬದಲಾಗಂಗಿಲ್ರಿ. ಹಿಡೀರಿ ಇದನ್ನ."

ಕ್ಯಾಮೆರಾದಷ್ಟೇ ತೂಕದ ಒಂದು ಕಪ್ಪು ಪೆಟ್ಟಿಗೆ. ಅದನ್ನು ಕಣ್ಣಿಗೆ ಹಿಡಿದು ಅರ್ಧ ತಾಸು ಗುಂಡಿ ಒತ್ತಬೇಕಿತ್ತು. ಜೊತೆಗೆ ಅವನು ಮನೆಯಿಂದ ತಂದಿದ್ದ ಹತ್ತು ಹಳೆಯ ರೋಲುಗಳನ್ನೂ ಹೋಲಿಕೆಗಾಗಿ ಯಂತ್ರದಲ್ಲಿ ಇಟ್ಟಳು. ಸೂಡಿಹಾಳದ ನೆಗೆಟಿವ್ ಪಟ್ಟಿಯನ್ನು ಬಿಳಿ ಕೈಗವಸು ಹಾಕಿಕೊಂಡು ತೆಗೆದಳು. ಹನ್ನೊಂದೇ ಚಿತ್ರ, ಉಳಿದದ್ದು ಖಾಲಿ.

ಯಂತ್ರ ಗುಂಯ್‌ಗುಡುತ್ತಿದ್ದಾಗ ಕುಬೇರಪ್ಪ ಕಣ್ಣು ಮುಚ್ಚಿ ಕೂತ. ಗದಗಿನಲ್ಲಿ ಆ ಕಾಲಕ್ಕೆ ನಾಲ್ವರು ಪತ್ರಿಕಾ ಫೋಟೋಗ್ರಾಫರುಗಳಿದ್ದರು. ನಾಲ್ಕು ಪತ್ರಿಕೆ, ನಾಲ್ಕು ಸ್ಕೂಟರು. ಚಿತ್ರ ತಪ್ಪಿದರೆ ಹುಬ್ಬಳ್ಳಿಯ ಡೆಸ್ಕಿನವರು ಫೋನಿನಲ್ಲಿ ತಾಯಿತಂದೆ ತೆಗೆದು ಬೈಯುತ್ತಿದ್ದರು. ಹಾಗಾಗಿ ನಾಲ್ವರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಹೊಲದಲ್ಲಿ ಮುಯ್ಯಾಳು ಇರುವುದಿಲ್ಲವೆ, ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಹಾಗೆ. ಒಬ್ಬ ಬರದಿದ್ದರೆ ಹೋದವನು ಎರಡು ರೋಲು ತೆಗೆಯಬೇಕು. ಮೊದಲನೆಯದು ಬಾರದವನಿಗೆ, ಎರಡನೆಯದು ತನಗೆ. ಅದು ಮುಯ್ಯಿ ರೋಲು. ಬಾರದವನ ಹೆಸರಿನಲ್ಲೇ ಬಸ್ ಕಂಡಕ್ಟರನ ಕೈಗೆ ಕೊಟ್ಟು ಹುಬ್ಬಳ್ಳಿಗೆ ಕಳಿಸಬೇಕು. ಮೊದಲ ತುತ್ತು ಅತಿಥಿಗೆ ಎಂದು ಆ ನಿಯಮ ಮಾಡಿದವನು ಇಮಾಮಸಾಬ ನದಾಫ. ಹೆಂಡತಿಯ ಊರಿಗೆ ಹೋಗಬೇಕು, ಈ ದಿನ ನನ್ನ ಮುಯ್ಯಿ ಹಿಡಿ ಇಮಾಮಣ್ಣ ಎಂದು ಕುಬೇರಪ್ಪ ಹೇಳಿದ್ದು ಅವನಿಗೇ. ಗೇಟು ಮುಚ್ಚಿದ್ದಾಗಿನ ಚಿತ್ರ ಮೊದಲ ರೋಲಿನಲ್ಲಿ ಬಿತ್ತು. ಎರಡನೆಯದರಲ್ಲಿ ಬರೀ ಬೂದಿ.

ಮರುದಿನ ಪತ್ರಿಕೆ ಹಿಡಿದು ಕುಬೇರಪ್ಪ ಬೆಟಗೇರಿಗೆ, ಇಮಾಮಸಾಬನ ಮನೆಗೆ ಓಡಿದ್ದ. ಅದನ್ನಾದರೂ ಅವನ ಪಾಲಿಗೆ ಬರೆದುಕೊಳ್ಳಬೇಕು. "ಇಮಾಮಣ್ಣ, ಡೆಸ್ಕಿಗೆ ಹೇಳತೀನಿ, ನಿನ್ನ ಹೆಸರು ಹಾಕಸ್ತೀನಿ," ಎಂದಿದ್ದ. "ಏ, ಮುಯ್ಯಿ ಅಂದಮ್ಯಾಲೆ ಮುಯ್ಯಿ. ಕೊಟ್ಟದ್ದನ್ನ ತಿರುಗಿ ಕೇಳಿದ್ರ ಅದಕ್ಕ ಮುಯ್ಯಿ ಅಂತಾರೇನು?" ಎಂದು ಇಮಾಮಸಾಬ ಎರಡೂ ಅಂಗೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಸುಟ್ಟಿತೇನೋ ಎಂದುಕೊಂಡು ಕುಬೇರಪ್ಪ ಕೇಳಲೂ ಇಲ್ಲ. ಆಮೇಲೆ ಪ್ರಶಸ್ತಿ ಬಂತು. ಆಗ ಹೇಳಬಹುದಿತ್ತು. ಸನ್ಮಾನದ ದಿನ ಇಮಾಮಸಾಬ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ. ಆಗಲೂ ಹೇಳಬಹುದಿತ್ತು. ಹನ್ನೆರಡು ವರ್ಷದ ಹಿಂದೆ ಅವನು ತೀರಿಕೊಂಡಾಗ ಕುಬೇರಪ್ಪ ಮಣ್ಣಿಗೆ ಹೋಗಿ ಮೂರು ಹಿಡಿ ಹಾಕಿ ಬಂದಿದ್ದ.

"ಅಜ್ಜಾರ," ಎಂದಳು ಪ್ರತಿಭಾ. ಬಾಗಿಲು ಹಾಕಿ ಬಂದು ಎದುರಿಗೆ ಕೂತಳು. "ನಿಮ್ಮ ಡಬ್ಬಿಯೊಳಗ ಇಬ್ಬರು ಅದಾರ."

ಕುಬೇರಪ್ಪ ಕಣ್ಣು ತೆರೆದ.

"ಹತ್ತರಾಗ ಏಳು ನಿಮ್ಮವು. ಮೂರು ಇನ್ನೊಬ್ಬರವು. ಸೂಡಿಹಾಳದ್ದೂ ಅವರದ." ಅವಳು ಆ ಮೂರು ಪಟ್ಟಿಗಳನ್ನು ಬೆಳಕಿನ ಹಲಗೆಯ ಮೇಲಿಟ್ಟಳು. ಅದರಲ್ಲಿ ಒಂದು ಮಲಪ್ರಭೆಯ ನೆರೆಯಲ್ಲಿ ಎಮ್ಮೆಯ ಬೆನ್ನ ಮೇಲೆ ಕೂತು ದಾಟುತ್ತಿದ್ದ ಅಜ್ಜಿಯ ಚಿತ್ರ. ಅದನ್ನು ತೆಗೆಯುವಾಗ ನೀರು ತೊಡೆಯ ತನಕ ತಣ್ಣಗೆ ಕೊರೆದದ್ದು ಕುಬೇರಪ್ಪನಿಗೆ ನೆನಪಿತ್ತು. ಆ ನೀರಿನಲ್ಲಿ ತಾನು ನಿಂತೇ ಇರಲಿಲ್ಲ ಎಂದು ಈಗ ತಿಳಿಯಿತು. ಸೂಡಿಹಾಳದ್ದು ಸುಳ್ಳೆಂದು ಗೊತ್ತಿದ್ದೂ ಹೇಳಿದ್ದು. ಇದು ಗೊತ್ತಿಲ್ಲದೆಯೇ ಒಳಗೆ ಸೇರಿಕೊಂಡದ್ದು. ಇನ್ನೂ ಎಷ್ಟಿವೆಯೋ ಎಂದು ಅವನಿಗೆ ಸುಸ್ತಾಯಿತು.

"ಇನ್ನೊಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನೀವು ನಮ್ಮ ಕಾಲೇಜಿಗೆ ಬಂದಿದ್ರಿ, ಭಾಷಣ ಮಾಡಿದ್ರಿ. ಕೀಲಿ ಒಡಿಯಾಕ ಹೋಗಿದ್ರ ಚಿತ್ರ ಸಿಗತಿರಲಿಲ್ಲ, ನಾ ಕ್ಯಾಮೆರಾ ಆರಿಸಿಕೊಂಡೆ, ಆ ಪಾಪ ನಂದು ಅಂದಿದ್ರಿ. ನಾವೆಲ್ಲ ಅತ್ತಿದ್ವಿ."

ಕುಬೇರಪ್ಪ ನೆಲ ನೋಡಿದ. ಆ ಭಾಷಣ ಅವನು ಅರವತ್ತು ಕಡೆ ಮಾಡಿದ್ದ.

"ಇಲ್ನೋಡ್ರಿ. ಎಂಟನೇ ಚಿತ್ರದ ತನಕ ಕೈ ಒಂದು ನಮೂನಿ ಐತಿ. ಎಂಟಕ್ಕೂ ಒಂಬತ್ತಕ್ಕೂ ನಡುವ ನೆರಳು ಸರದೈತಿ, ಹತ್ತು ನಿಮಿಷ ಆಗಿರಬೇಕು. ಒಂಬತ್ತರಾಗ ಗೇಟು ತೆಗದೈತಿ. ಕೈ ಅದ ಮನಷ್ಯಾಂದು, ಆದ್ರ ಸ್ನಾಯು ಪೂರ್ತಿ ಸೋತಾವು. ಕಲ್ಲು ಎತ್ತಿ ಎತ್ತಿ ಬಡದ ಕೈ ಹಿಂಗ ನಡಗತೈತ್ರಿ, ನಮ್ಮಪ್ಪ ಕಮ್ಮಾರ, ನನಗ ಯಂತ್ರ ಹೇಳೂದೂ ಬ್ಯಾಡ." ಅವಳು ಪಟ್ಟಿಯನ್ನು ಕೆಳಗಿಟ್ಟು ಹೇಳಿದಳು, "ಆ ಮನಷ್ಯಾ ಏನನ್ನೂ ಆರಿಸಿಕೊಂಡಿಲ್ಲ. ಎರಡೂ ಮಾಡ್ಯಾನ."

ಬೆಟಗೇರಿಯ ಮನೆಯಲ್ಲಿ ಬಟ್ಟೆ ಸುತ್ತಿದ್ದ ಆ ಅಂಗೈಗಳು ಕುಬೇರಪ್ಪನಿಗೆ ಕಂಡವು. ತಾನು ಅವನ ಚಿತ್ರವನ್ನಷ್ಟೇ ತೆಗೆದುಕೊಂಡಿದ್ದರೆ ಹೇಗೋ ಸಹಿಸಬಹುದಿತ್ತು. ಐದು ಜೀವ ಹೊರಗೆ ತೆಗೆದವನನ್ನು ಅರವತ್ತು ವೇದಿಕೆಯ ಮೇಲೆ ಕೈಕಟ್ಟಿ ನಿಲ್ಲಿಸಿದ್ದ. ಅವನಿಗೆ ಅಳು ಬಂತು, ನಾಚಿಕೆಯಿಂದ ಅದೂ ಹೊರಗೆ ಬರಲಿಲ್ಲ.

"ನನ್ನ ವರದಿ ಏಳು ದಿನಕ್ಕ ಹೋಗತೈತಿ," ಎಂದಳು ಪ್ರತಿಭಾ. "ಕೈ ಹೊಂದಲಿಲ್ಲ ಅಂತ ಬರದ್ರ ಮುಗೀತು. ವಯಸ್ಸಿನ ದೋಷ ಇರಬೇಕು ಅಂತ ಮಂದಿ ತಿಳಕೋತಾರ, ನಿಮಗ ಯಾರೂ ಏನೂ ಅನ್ನಂಗಿಲ್ಲ. ಆದ್ರ ಚಿತ್ರ ಅನಾಥ ಆಗತೈತಿ, ಗೇಟು ಹೋಗತೈತಿ. ಇಲ್ಲಾ, ಈ ಕೈ ಯಾರದಂತ ಹೇಳ್ರಿ. ಬಾಯಿಮಾತು ಸಾಲಂಗಿಲ್ಲ. ಅವರ ತಗದಿದ್ದಂತ ಪ್ರಮಾಣ ಮಾಡಿ ಹೇಳೂ ಮಂದಿ ಇರೂವಂಥ ಒಂದು ನೆಗೆಟಿವ್ ಪಟ್ಟಿ ಬೇಕು. ಸಿಕ್ಕರ ಚಿತ್ರ ಉಳೀತೈತಿ. ನೀವು ಉಳಿಯಂಗಿಲ್ಲ."

ಎರಡು ದಿನ ಕುಬೇರಪ್ಪ ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ರೂಢಿಯಾಗಿತ್ತು. ನಲವತ್ತನಾಲ್ಕು ವರ್ಷದ ಅಭ್ಯಾಸ. ಮೂರನೆಯ ದಿನ ಸುವರ್ಣಾ ಎಂಟನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತ, ಗೇಟಿಗೆ ಯಾವ ಕಡೆಯಿಂದ ಕೀಲಿ ಹಾಕಿತ್ತು ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ಬರೆದ ಉತ್ತರ ಓದಿದಳು: "ಹೊರಗಿನಿಂದ. ನಮ್ಮ ಟೀಚರ್ ಅವರ ಅಪ್ಪ ನೋಡಿದ್ದಾರೆ."

"ನಾ ನೋಡಿಲ್ಲವಾ," ಎಂದ ಕುಬೇರಪ್ಪ.

ಅವಳು ಪೆನ್ನು ಎತ್ತಿದಳು. ಅವನು ಎಲ್ಲವನ್ನೂ ಹೇಳಿದ. ಹೋಳಿಗೆಯ ಸಮೇತ ಹೇಳಿದ.

"ಅಂದ್ರ ನನ್ನ ಹೆಸರಿಡೂ ಮುಂದ ನೀ ಇದ್ದಿ," ಎಂದಳು ಕೊನೆಗೆ.

"ಇದ್ದೆ. ನಿನ್ನ ಕಿವಿಯಾಗ ಹೆಸರು ಹೇಳಿ, ಪದ್ಧತಿ ಪ್ರಕಾರ ನಾನ ಬೆನ್ನಿಗೆ ಗುದ್ದು ತಿಂದೀನಿ."

"ಇಪ್ಪತ್ತು ವರ್ಷ ಕ್ಲಾಸಿನ್ಯಾಗ ನಾ ಸುಳ್ಳು ಹೇಳೀನಿ. ನನ್ನ ಕಡಿಂದ ಹೇಳಿಸಿದಿ." ಅವಳು ಕಾಗದಗಳನ್ನು ಒಟ್ಟುಮಾಡಿ ಒಳಗೆ ಹೋದಳು. ಅಂದು ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಅನ್ನ ಮಾಡಿ ಮುಚ್ಚಿಟ್ಟಿದ್ದಳು. ಬೆಳಿಗ್ಗೆ ಮಾತ್ರ ಚಪ್ಪಲಿ ಮೆಟ್ಟ್ಕೊ ಎಂದಳು, ಬೆಟಗೇರಿಗೆ ತಾನೇ ಕರೆದುಕೊಂಡು ಹೋದಳು.

ಇಮಾಮಸಾಬನ ಹೆಂಡತಿ ಹುಸೇನಬಿ ಮಗಳ ಮನೆಯ ಮುಂದಿನ ಕೋಣೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಕುಬೇರಪ್ಪನನ್ನು ನೋಡಿ ಸೂಜಿ ನಿಲ್ಲಿಸಿದಳು, ಏಳಲಿಲ್ಲ.

"ಬರ್ರಿ ಕುಬೇರಣ್ಣ. ಭಾಳ ದಿನಕ್ಕ."

"ವೈನಿ, ಇಮಾಮಣ್ಣನ ನೆಗೆಟಿವ್ ಏನರ ಉಳದಾವೇನು?"

"ಎಲ್ಲಿ ಉಳೀತಾವು? ರೋಲಿನ ಕಾಲ ಮುಗದ ಮ್ಯಾಲೆ ಫಿಲ್ಮಿನ್ಯಾಗಿನ ಬೆಳ್ಳಿ ತಗಿಯಾವರು ಬಂದ್ರು, ತೂಕಕ್ಕ ಕೊಟ್ಟುಬಿಟ್ರು. ನಾಕು ಗೋಣಿ." ಅವಳು ಅವನ ಮುಖ ನೋಡಿದಳು. "ಈಗ ಯಾಕ ನೆನಪಾತು?"

ಸುವರ್ಣಾ ಬಾಯಿ ತೆರೆದಳು. ಕುಬೇರಪ್ಪ ಕೈ ಅಡ್ಡ ಮಾಡಿ ತಾನೇ ಹೇಳಿದ. ಯಂತ್ರ, ನಡುಕ, ಒಂಬತ್ತನೆಯ ಚಿತ್ರ, ಗೇಟು, ದೇವಕ್ಕ. ಹುಸೇನಬಿ ಕೇಳುತ್ತ ಕೇಳುತ್ತ ದಾರ ಹಲ್ಲಿನಿಂದ ಕಡಿದು ಇನ್ನೊಂದು ಪೋಣಿಸಿದಳು.

"ಎಂಟು ದಿನ ಅವರಿಗೆ ನಾನ ಉಣಿಸೀನಿ," ಎಂದಳು. "ತುತ್ತು ಹಿಡ್ಯಾಕ ಬರತಿರಲಿಲ್ಲ. ಹೆಸರು ಕುಬೇರಣ್ಣಂದು ಹಾಕ್ಯಾರಲ್ಲ, ಕೇಳ್ರಿ ಅಂದೆ. ಕೇಳಬಾರದು ಅಂದ್ರು. ನೀವರ ಒಂದಿನ ಬಂದು ಹೇಳತೀರೇನೋ ಅಂತ ನಾ ಕಾದೆ. ಅವರು ಕಾಯಲಿಲ್ಲ, ನಾ ಕಾದೆ."

ಆಕೆ ಎದ್ದು ಟ್ರಂಕಿನ ತಳದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಒಳಗೆ ಆರು ಚಿತ್ರದ ಒಂದು ಪಟ್ಟಿ. ಕಿಟಕಿಗೆ ಹಿಡಿದರೆ ಒಬ್ಬ ಹುಡುಗಿ, ತಲೆ ಎರೆದುಕೊಂಡು ಕೂದಲು ಬಿಟ್ಟು, ಬಾಗಿಲ ಬಿಸಿಲಿಗೆ ಕೂತು ಯಾವುದಕ್ಕೋ ಬಿದ್ದುಬಿದ್ದು ನಗುತ್ತಿದ್ದಳು. "ಮದುವಿಯಾದ ವರ್ಷದ್ದು. ಯಾರಿಗೂ ತೋರಸಬ್ಯಾಡ್ರಿ ಅಂದಿದ್ನಿ. ಕತ್ತರಿಸಿ ನನ್ನ ಕೈಯಾಗ ಕೊಟ್ಟು, ಇವು ನಿನ್ನವು ಅಂದಿದ್ರು."

"ವೈನಿ, ಕೊಟ್ಟರ ಇದು ಸರ್ಕಾರಿ ದಾಖಲೆ ಆಗತೈತಿ. ಗೇಟಿನ ಚಿತ್ರದ ಜೋಡಿ ಇದನ್ನೂ ಯಾರು ಬೇಕಾದ್ರೂ ನೋಡಬಹುದು."

"ನನಗ ಎಪ್ಪತ್ತೊಂಬತ್ತು. ನನ್ನ ಯಾರು ನೋಡ್ತಾರ?" ಆಕೆ ಪಟ್ಟಿಯನ್ನು ಮತ್ತೆ ಬೆಳಕಿಗೆ ಹಿಡಿದಳು. "ಆದ್ರ ಈ ಹುಡಿಗಿನ್ನ ಕೇಳಬೇಕಲ್ಲ. ಈಕಿ ಒಲ್ಲೆ ಅಂದಿದ್ಲು."

ಒಳಗೆ ಕುಕ್ಕರ್ ಎರಡು ಸಲ ಕೂಗಿತು.

"ಒಯ್ರಿ," ಎಂದಳು ಹುಸೇನಬಿ. "ಹೆಣ್ಣಮಕ್ಕಳು ದಾರಿ ತಪ್ಪಿ ಸತ್ತ್ರು ಅಂತ ಬರಿಯೂದಕ್ಕಿಂತ ಇದು ಚಲೋ. ಆದ್ರ ಕುಬೇರಣ್ಣ, ಮಷೀನು ಹೇಳಿದ್ರ ನನಗ ಸಾಲಂಗಿಲ್ಲ. ಆ ಗೇಟಿನ ಮುಂದ ನಿಂತು ನೀವ ಬಾಯಿಬಿಟ್ಟು ಹೇಳಬೇಕು. ನಾನೂ ಬರ್ತೀನಿ."

ಪ್ರತಿಭಾ ಆ ಪಟ್ಟಿಯನ್ನು ಯಂತ್ರದಲ್ಲಿಟ್ಟು, ಹುಸೇನಬಿಯ ಪ್ರಮಾಣ ಬರೆಸಿಕೊಂಡಳು. ಕೈ ಹೊಂದಿತು. ಮದುವೆಯಾದ ವರ್ಷದ ಆ ಬಿಸಿಲಿನಲ್ಲಿ ನಡುಗಿದ ಕೈಯೇ ಸೂಡಿಹಾಳದಲ್ಲೂ ನಡುಗಿತ್ತು. ವರದಿ ಏಳನೆಯ ದಿನ ಹೋಯಿತು, ತಕರಾರು ಬಿದ್ದುಹೋಯಿತು.

ತೀರ್ಪನ್ನು ಸ್ಥಳದಲ್ಲೇ ಓದಬೇಕೆಂಬುದು ಕಾನೂನು. ಸೂಡಿಹಾಳದಲ್ಲಿ ಬೆಳಗಿನ ಹತ್ತು ಗಂಟೆಗೇ ಬಿಸಿಲು ಏರಿತ್ತು. ಶಾಮಿಯಾನ, ಮೈಕು, ಮುನ್ನೂರು ಜನ, ಶಾಲೆಯ ಮಕ್ಕಳು. ಅಧಿಕಾರಿ ಓದಿದ: ಚಿತ್ರ ನಿಜ, ಕೀಲಿ ಹೊರಗಿನಿಂದ ಇತ್ತು, ತೆಗೆದ ಕೈ ದಿವಂಗತ ಇಮಾಮಸಾಬ ನದಾಫ ಅವರದು. ಜನರಲ್ಲಿ ಗುಜುಗುಜು ಎದ್ದಿತು. ಕುಬೇರಪ್ಪ ಮೈಕಿನ ಮುಂದೆ ನಿಂತು, ಚಿತ್ರ ನನ್ನದಲ್ಲ, ನನ್ನ ಹೆಸರು ತಪ್ಪಾಗಿ ಬಂದಿತ್ತು, ಕ್ಷಮಿಸಬೇಕು ಎಂದು ಬರೆದುಕೊಂಡು ಬಂದಿದ್ದನ್ನು ಓದಿದ. ಇಷ್ಟು ವರ್ಷ ವೇದಿಕೆ ಹತ್ತಿದ ನಾಲಿಗೆ. ಓದುವಾಗ ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಅದಕ್ಕೆ ತಾನಾಗಿಯೇ ಗೊತ್ತಿತ್ತು. ಓದಿ ಮುಗಿದಾಗ ಯಾರೋ ಚಪ್ಪಾಳೆ ತಟ್ಟಿದರು. ಇನ್ನೂ ನಾಲ್ಕು ಜನ ತಟ್ಟಿದರು. ಎಂಥ ದೊಡ್ಡ ಮನಸ್ಸು ಎಂದು ಪಕ್ಕದವನೊಬ್ಬ ಹೇಳಿದ. ತಪ್ಪೊಪ್ಪಿದರೂ ತನಗೇ ಚಪ್ಪಾಳೆ ಬೀಳುತ್ತಿರುವುದನ್ನು ನೋಡಿ ಕುಬೇರಪ್ಪನಿಗೆ ಅಲ್ಲೇ ಕುಸಿದು ಕೂರಬೇಕೆನಿಸಿತು. ಸುವರ್ಣಾ ತಟ್ಟಲಿಲ್ಲ.

ಜನ ಚಹಾದ ಕಡೆಗೆ ಹೋದ ಮೇಲೆ ಹುಸೇನಬಿ ಎದ್ದು ಗೇಟಿನ ಹತ್ತಿರ ಬಂದಳು. ಚಿತ್ರವನ್ನು ಆಕೆ ಎಂದೂ ಸರಿಯಾಗಿ ನೋಡಿರಲಿಲ್ಲ. ಕೆಳಗೆ ಬೇರೆಯವರ ಹೆಸರಿದ್ದ ಚಿತ್ರ ಮನೆಗೆ ಬರುವುದು ಬೇಡ ಎಂದಿದ್ದಳಂತೆ. ಈಗ ಹಲಗೆಯ ಮೇಲಿನ ಚಿತ್ರವನ್ನು ನೋಡಿದಳು, ಗೇಟನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು.

"ಕುಬೇರಣ್ಣ," ಎಂದಳು. "ಅವರು ಎಲ್ಲಿ ನಿಂತಿದ್ರು?"

ಉತ್ತರ ಕುಬೇರಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ಬೇವಿನ ಮರದ ಬುಡದಲ್ಲಿ, ಎಡಗಾಲು ಚರಂಡಿಯ ದಂಡೆಯ ಮೇಲೆ, ಕಣ್ಣಲ್ಲಿ ಹೊಗೆ. ಭಾಷಣಗಳಲ್ಲಿ ಅರವತ್ತು ಸಲ ಹೇಳಿದ್ದು. ಹೇಳಿದರೆ ಮುದುಕಿಗೆ ಸಮಾಧಾನವಾಗುತ್ತಿತ್ತು, ಆ ಜಾಗ ಮುಟ್ಟಿ ನೋಡುತ್ತಿದ್ದಳು, ಯಾರಿಗೂ ನಷ್ಟವಿರಲಿಲ್ಲ.

"ಗೊತ್ತಿಲ್ಲ ವೈನಿ," ಎಂದ. ದನಿ ಎಲ್ಲೆಲ್ಲೋ ಒಡೆಯಿತು. "ನನಗ ಗೊತ್ತಿಲ್ಲ. ನಾ ಇಲ್ಲಿ ಇದ್ದಿಲ್ಲ. ಉಂಡು ಮಲಗಿದ್ನಿ."

ಹುಸೇನಬಿ ಅವನನ್ನೇ ನೋಡಿದಳು. ಆಕೆಯ ಕಣ್ಣು ತುಂಬಿತು. ಹೂಂ ಎನ್ನುವಂತೆ ತಲೆಯಾಡಿಸಿದಳು.

ಆಗ ದೇವಕ್ಕ ಬಂದು ತನ್ನ ಅಂಟಿದ ಬೆರಳುಗಳಿಂದ ಆಕೆಯ ಕೈ ಹಿಡಿದಳು. "ನನಗ ಗೊತ್ತೈತಿ ಬಾ ತಂಗಿ. ಹೊಗಿಯಾಗ ಮಾರಿ ಕಾಣಲಿಲ್ಲ, ಆದ್ರ ಅವ ನಿಂತ ಜಾಗಾ ಒಳಗಿಂದ ನಾ ನೋಡೀನಿ," ಎಂದು ಗೇಟಿನ ಎದುರಿಗೆ, ಬೇವಿನ ಮರದಿಂದ ಬಹಳ ದೂರಕ್ಕೆ, ಬಯಲಿನ ನಡುವೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಅಲ್ಲಿ ಯಾವ ನೆರಳೂ ಇರಲಿಲ್ಲ. ಕುಬೇರಪ್ಪ ಇದ್ದಲ್ಲೇ ನಿಂತು, ಆ ಇಬ್ಬರು ಮುದುಕಿಯರು ನಿಂತ ಜಾಗವನ್ನು ಸರಿಯಾಗಿ ನೋಡಿಕೊಂಡ.